ನರ್ಮದಕ್ಕ ಕುಮಟೆಗೆ ಹೋಗಲಿಲ್ಲ

ಸೀರೆಯ ಮೇಲೆ ಗಂಡಸರ ಕರಿ ಕೋಟು ತೊಟ್ಟು ಹೊನ್ನಾವರದ ಪೇಟೆಬೀದಿಯಲ್ಲಿ ಹಾಡುಹಗಲೇ ನಡೆದುಹೋದ ಹೆಂಗಸನ್ನು ನಾನು ಈ ಜನ್ಮದಲ್ಲಿ ಒಬ್ಬಳನ್ನೇ ಕಂಡಿದ್ದೇನೆ. ಅವಳು ನಮ್ಮ ಪಕ್ಕದ ಮನೆಯ ನರ್ಮದಕ್ಕ. ಕೋಟು ಅವಳ ದಿವಂಗತ ಪತಿ, ಕೋರ್ಟಿನ ಶಿರಸ್ತೇದಾರರಾಗಿದ್ದ ಕಮಲಾಕರ ಹೆಗಡೆಯವರದು. ಅದರ ಹೆಗಲು ಅವಳ ಹೆಗಲಿಗಿಂತ ಒಂದು ಗೇಣು ಆಚೆಗೆ ಚಾಚಿಕೊಂಡು, ತೋಳುಗಳು ಬೆರಳ ತುದಿಯನ್ನೂ ನುಂಗಿ, ಸಮುದ್ರದ ಕಡೆಯ ಗಾಳಿ ಬೀಸಿತೆಂದರೆ ಅವಳು ಹಾಯಿ ಬಿಚ್ಚಿದ ಮಚವೆಯಂತೆ ತುಸು ಓರೆಯಾಗಿ ಸಾಗುತ್ತಿದ್ದಳು. ಮುಂದೆ ನಾಯಿ, ಹಿಂದೆ ಅವಳು, ಅವಳ ಹಿಂದೆ ಇಡೀ ಕೇರಿಯ ಕಣ್ಣುಗಳು.

ಹೆಗಡೆಯವರು ತೀರಿಕೊಂಡದ್ದು ಅರವತ್ತನೆಯ ಇಸವಿಯ ಮಳೆಗಾಲದಲ್ಲಿ. ಹನ್ನೆರಡನೆಯ ದಿನ ಅವರ ಕೊಡೆ, ಚಪ್ಪಲಿ, ಧೋತರಗಳೆಲ್ಲ ಯಥಾಶಾಸ್ತ್ರ ದಾನವಾಗಿ ಶರಾವತಿಯ ಆಚೆ ದಡಕ್ಕೆ ಭಟ್ಟರೊಡನೆ ದೋಣಿ ಹತ್ತಿದವು. ಕೋಟು ಮಾತ್ರ ಗೂಟದಿಂದ ಇಳಿಯಲಿಲ್ಲ. ಯಾರೋ ನೆನಪಿಸಿದರೆ ನರ್ಮದಕ್ಕ, "ಭಟ್ರಿಗೆ ಕೋಟೆಂತಕ್ಕೆ? ಅವು ಯಾವ ಕೋರ್ಟಿಗೆ ಹೋಪದಿದ್ದು?" ಎಂದು ಕೇಳಿದ್ದಳಂತೆ. ಮುಂದೆ ಅವಳು ಅದನ್ನು ತೊಟ್ಟು ಹಿತ್ತಿಲಿಗೆ ಇಳಿದಾಗ ನಾನು, ಅಕ್ಕರೆಯಿಂದ ಕೇಳುತ್ತಿದ್ದೇನೆಂಬ ಭ್ರಮೆಯಲ್ಲಿ, "ಭಾವನ ನೆನಪಿಗಾ ಅಕ್ಕಾ?" ಎಂದು ಕೇಳಿದೆ. ಅವಳು ನನ್ನನ್ನು ಬಸಳೆಯ ಹುಳುವನ್ನು ನೋಡುವಂತೆ ನೋಡಿದಳು.

"ನೆನಪಿಗೆ ಕೋಟು ಬೇಕನಾ? ಸೀರೆಗೆ ಜೇಬು ಇಟ್ಟವು ಯಾರಿದ್ದ ತಮ್ಮಾ?"

ಜೇಬುಗಳೇನೋ ಇದ್ದವು. ಒಂದು ಕಾಲದಲ್ಲಿ ಸಮನ್ಸು, ಮುದ್ರೆ, ನಶ್ಯದ ಡಬ್ಬಿಗಳಿಗೆ ಆಶ್ರಯ ಕೊಟ್ಟಿದ್ದ ಆ ಗಂಭೀರ ಜೇಬುಗಳಲ್ಲಿ ಈಗ ಹರಿವೆ ಬೀಜ, ಬಾಳೆಯ ನಾರು, ಮೊಂಡು ಚಾಕು, ನಾಯಿಗೆಂದು ಒಂದು ಹಿಡಿ ಅವಲಕ್ಕಿ. ಬದನೆಯ ಪಾತಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಗಿಡದ ಬುಡಕ್ಕೆ ಗೊಬ್ಬರ ಒತ್ತುತ್ತ, ಅವಳು ಗಿಡಗಳನ್ನು ಬೈಯುತ್ತಿದ್ದ ಬೈಗುಳ ನಮ್ಮ ಮನೆಯ ಅಡುಗೆಕೋಣೆಗೆ ಕೇಳುತ್ತಿತ್ತು. ನನ್ನ ಹೆಂಡತಿ ಅವುಗಳಲ್ಲಿ ಕೆಲವನ್ನು ಕಲಿತು ನನ್ನ ಮೇಲೆ ಪ್ರಯೋಗಿಸಿದ್ದುಂಟು. ಮೊಗೆಕಾಯಿಯಷ್ಟು ಸೊಗಸಾಗಿ ನಾನು ಬೆಳೆಯಲಿಲ್ಲ ಎಂಬುದು ಬೇರೆ ಮಾತು.

ನಾಯಿಯ ಹೆಸರು ಮುನ್ಸೀಫ. ಹಗಲೆಲ್ಲ ಮುನ್ಸೀಫರ ಮುಂದೆ ನಡು ಬಗ್ಗಿಸಿ ನಿಲ್ಲುತ್ತಿದ್ದ ಹೆಗಡೆಯವರು, ಸಂಜೆ ಮನೆಗೆ ಬಂದು "ಮುನ್ಸೀಫಾ, ಕೂತ್ಕ!" ಎಂದು ಗದರಿಸುವ ಸುಖಕ್ಕಾಗಿಯೇ ಆ ಹೆಸರಿಟ್ಟಿದ್ದರು. ಅದರ ವಂಶ ಯಾವುದೆಂದು ಹೇಳಲು ಬಾರದು. ನಿಮಿರಿದ ಒಂದು ಕಿವಿ ಬೇಟೆನಾಯಿಯದು, ಜೋತುಬಿದ್ದ ಮತ್ತೊಂದು ಸಂನ್ಯಾಸಿಯದು. ಯಜಮಾನರು ಹೋದ ಮೇಲೆ ಅದು ಹೊಸ್ತಿಲಿನ ಹೊರಗೆ ಮಲಗಿ ಅನ್ನ ಬಿಟ್ಟಿತು. ಒಳಗೆ ನರ್ಮದಕ್ಕನೂ ಅನ್ನ ಬಿಟ್ಟಿದ್ದಳೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಸಂಜೆಯಾದರೆ ಅವಳು ಜಗಲಿಯ ಮೇಲಿನ, ಹೆಗಡೆಯವರದೇ ಆದ, ಆರಾಮಕುರ್ಚಿಯಲ್ಲಿ ಕಾಲು ಚಾಚಿ ಒರಗುತ್ತಿದ್ದಳು. ಗಂಡ ಸತ್ತವಳು ಬೀದಿಗೆ ಮುಖ ಮಾಡಿ ಆರಾಮಕುರ್ಚಿಯಲ್ಲಿ! ಎದುರು ಮನೆಯ ಗಂಗತ್ತೆಗೆ ಇದರಿಂದ ಊಟ ಸೇರದಾಯಿತು. ಒಂದು ದಿನ ಬಂದು, "ನರ್ಮದಾ, ಗಂಡಸ್ರು ಹೋಪ ಹಾದಿ ಇದು, ಹಾಂಗೆ ಕೂತ್ಕಂಬ್ಲಾಗ" ಎಂದಳು.

"ಹೋಪವು ಹೋಗ್ಲಿ ಗಂಗತ್ತೆ. ಆನು ಕೂತದ್ದು ಜಗಲಿಲಿ, ಹಾದಿಲಲ್ಲ."

ಇವೆಲ್ಲ ಕೇರಿಯ ಮಟ್ಟಿನ ಕದನಗಳು. ದೊಡ್ಡ ಕದನ ಕುಮಟೆಯಿಂದ ಬಂತು. ಹೆಗಡೆಯವರ ತಮ್ಮ ಶಾಂತಾರಾಮನಿಗೆ ಅಲ್ಲಿ ಬಟ್ಟೆಯಂಗಡಿ, ತುಂಬಿದ ಸಂಸಾರ. ಕೆಟ್ಟವನಲ್ಲ, ಒಂಟಿ ಅತ್ತಿಗೆಯನ್ನು ಅಣ್ಣನ ಮನೆಯಲ್ಲೇ ಬಿಟ್ಟನೆಂದು ಜನ ಆಡಿಕೊಂಡಾರೆಂಬ ಅಳುಕು ಅವನಿಗೆ ನಿಜವಾಗಿಯೂ ಇತ್ತು. ಅವನ ಮನೆಯ ಒಲೆಯ ಮುಂದೆ ಇನ್ನೆರಡು ಕೈಗಳು ಬೇಕಾಗಿದ್ದವೆಂಬುದೂ ಅಷ್ಟೇ ನಿಜ. ಹೊನ್ನಾವರದ ಮನೆ ಬಾಡಿಗೆಗೆ, ನಾಯಿ ಹಳದೀಪುರದ ಗದ್ದೆ ಕಾಯಲಿಕ್ಕೆ, ಅತ್ತಿಗೆ ಕುಮಟೆಗೆ ಎಂದು ಅವನು ಗೊತ್ತುಮಾಡಿದ್ದ. ನರ್ಮದಕ್ಕ, "ವರ್ಷಾಂತ ಆಗ್ಲಿ, ಮತ್ತೆ ಹೇಳ್ತೆ" ಎಂದಿದ್ದಳು. ಹೀಗಾಗಿ ವರ್ಷಾಂತದ ದಿನ ಬಂದವರೆಲ್ಲ ಶ್ರಾದ್ಧದೊಡನೆ ಒಂದು ತೀರ್ಪನ್ನೂ ನಿರೀಕ್ಷಿಸುತ್ತಿದ್ದರು.

ಒಳಗಿನ ಕ್ರಿಯೆ ಮುಗಿಯಿತು. ಕಾಗೆಗೆಂದು ಬಾಳೆಯೆಲೆಯಲ್ಲಿ ಅನ್ನ, ವಡೆ, ಬೆಲ್ಲದ ಸುಟ್ಟೇವು ಬಡಿಸಿ ಅಂಗಳದ ತುದಿಯಲ್ಲಿಟ್ಟರು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ, ಇದ್ದವರಿಗೆ ಊಟ. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆಯೆಂದು ಅರ್ಥ. ಆ ಆಸೆ ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಮಾವಿನ ಮರದಲ್ಲಿ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಇಳಿಯಲೊಲ್ಲದು.

"ಅವಂಗೆ ಹೆಂಡತಿ ಚಿಂತೆ" ಎಂದರು ಭಟ್ಟರು.

ಶಾಂತಾರಾಮ ಕೈಮುಗಿದು ಮರದತ್ತ ಮುಖವೆತ್ತಿದ. "ಅಣ್ಣಾ, ಅತ್ತಿಗೆನ ಆನು ಕುಮಟೆಗೆ ಕರ್ಕಂಡು ಹೋಗ್ತೆ." ಕಾಗೆ ಬರಲಿಲ್ಲ. "ಮನೆ ಹಾಳುಬಿಡ್ತಿಲ್ಲೆ, ಒಳ್ಳೆ ಬಾಡಿಗೆದಾರ್ರನ್ನೇ ಇಡ್ತೆ." ಇಲ್ಲ. ಹಸಿದ ಹೊಟ್ಟೆಗೆ ಕರಿದ ವಡೆಯ ಪರಿಮಳ ತಾಳದೆ ನಾನೂ ಪರಲೋಕವ್ಯವಹಾರದಲ್ಲಿ ಕೈಹಾಕಿ, ಮನೆಗೆ ಓಡಿಹೋಗಿ ಒಂದು ಚಿಟಿಕೆ ನಶ್ಯ ತಂದು ಎಲೆಯ ಅಂಚಿಗಿಟ್ಟೆ. ಭಟ್ಟರು ಸೀನಿದ್ದಷ್ಟೇ ಫಲ.

ಕೊನೆಗೆ ಶಾಂತಾರಾಮ, "ನಾಯಿನೂ ಒಂದು ಒಳ್ಳೇ ಮನೆಗೆ ಸೇರಿಸ್ತೆ ಅಣ್ಣಾ" ಎಂದದ್ದೇ ತಡ, ಒಂದು ಮುದಿ ಕಾಗೆ ಅಂಗಳದ ಗೋಡೆಗೆ ಇಳಿಯಿತು. "ಬಂತು! ಬಂತು! ಒಪ್ಪಿದ!" ಎಂದು ಗಂಗತ್ತೆ ಕಣ್ಣೊರೆಸಿಕೊಂಡಳು. ಕಾಗೆ ಎಲೆಯ ಕಡೆ ಕುಪ್ಪಳಿಸಿತು. ಆಗ ಅಂಗಳದಂಚಿನ ಬಸಳೆ ಚಪ್ಪರದ ಬುಡದಲ್ಲಿ ಮಲಗಿದ್ದ ಮುನ್ಸೀಫ ಎದ್ದು ನಿಂತಿತು. ಬೊಗಳಲಿಲ್ಲ, ಗುರುಗುಡಲಿಲ್ಲ, ಬರೀ ನಿಂತಿತು. ಕಾಗೆ ಮರ ಸೇರಿತು.

ಪ್ರತಿ ಬೇಸಿಗೆಯಲ್ಲೂ ಆ ಅಂಗಳದಲ್ಲಿ ಹಪ್ಪಳ ಸಂಡಿಗೆಗಳು ಕಾವಲುಗಾರರಿಲ್ಲದೆ ಒಣಗುವುದನ್ನು ನಾನು ನೋಡಿದ್ದೆ, ಕಾರಣವನ್ನು ಯೋಚಿಸಿರಲಿಲ್ಲ. ಕಾಗೆ ಓಡಿಸುವುದನ್ನು ನಾಯಿಗೆ ಹೆಗಡೆಯವರೇ ಕಲಿಸಿದ್ದರಂತೆ, ಅದೂ ತಮ್ಮ ಮಧ್ಯಾಹ್ನದ ನಿದ್ದೆಗೆ ಭಂಗ ಬರದಂತೆ, ಸದ್ದಿಲ್ಲದೆ. ಶ್ರಾದ್ಧಕಾಲದಲ್ಲಿ ಹಿತ್ತಿಲಲ್ಲಿ ಕಟ್ಟಿಹಾಕಿದ್ದ ಅದನ್ನು ಬಿಚ್ಚಿದವರು ಯಾರೆಂದು ನಾನು ಇವತ್ತಿಗೂ ಕೇಳಿಲ್ಲ.

ನರ್ಮದಕ್ಕ ಒಳಗಿನಿಂದ ಬಂದಳು. ನಾಯಿಯ ಕೊರಳಪಟ್ಟಿ ಹಿಡಿದು, ಮರದ ಕಡೆಗೆ ತಿರುಗಿ, ಜಗಳ ತೆಗೆಯುವ ದನಿಯಲ್ಲಿ ಶುರುಮಾಡಿದಳು.

"ಹೋಯ್, ಕೇಳಿ ಇಲ್ಲಿ. ಇವೆಲ್ಲ ನಿಂಗಳ ಬಾಯಲ್ಲಿ ತಮ್ಮ ಮಾತು ಆಡ್ಸ್ತಾ ಇದ್ದ. ನಿಂಗ ಹೋದ ಮಳೆಗಾಲ ಆನೂ ಬತ್ತೆ ಹೇಳೇ ಮಲಗಿದ್ದೆ. ಇದು ಬಾಗಿಲು ಬಿಟ್ಟು ಕದಲಿದ್ದಿಲ್ಲೆ. ಇದಕ್ಕೆ ಅನ್ನ ಹಾಕವು ಹೇಳಿ ಎದ್ದೆ. ಎದ್ದ ಮೇಲೆ ಬದನೆಗೆ ನೀರು ಬೇಕಾತು." ಅವಳು ಕೊರಳಪಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಹಾಂಗೇ ಬದುಕಿದೆ. ಇನ್ನೂ ಬದುಕ್ತೆ, ಇಲ್ಲೇ. ಬಪ್ಪದಾದ್ರೆ ಬನ್ನಿ, ಇಲ್ಲದ್ರೆ ಉಪವಾಸ ಕೂತ್ಕಳಿ. ನಿಂಗಳ ಹಟ ನಂಗೆ ಹೊಸತಲ್ಲ."

ಆ ಮುದಿ ಕಾಗೆ ಇಳಿಯಿತು. ಅತ್ತಿತ್ತ ನೋಡಿ, ವಡೆ ಕಚ್ಚಿಕೊಂಡು ಹಾರಿತು. ಹಿಂದೆಯೇ ಉಳಿದವೆಲ್ಲ ಎಲೆಯ ಮೇಲೆ ಮುಗಿಬಿದ್ದವು.

ಶಾಂತಾರಾಮನ ಕಣ್ಣು ತುಂಬಿತ್ತು. "ಆತು ಅತ್ತಿಗೆ. ಅಣ್ಣನೇ ಹೇಳಿದ ಮೇಲೆ ಆನೆಂತ ಹೇಳ್ಲಿ? ನೀನು ಇಲ್ಲೇ ಇರು."

ಗೆದ್ದವಳು ಅಲ್ಲಿಗೆ ಸುಮ್ಮನಾಗಬಹುದಿತ್ತು. ಸುಮ್ಮನಾಗು ಅಕ್ಕಾ ಎಂದು ನಾನು ಒಳಗೊಳಗೇ ಬೇಡಿಕೊಂಡೆ, ವಡೆ ಆರುತ್ತಿತ್ತು. ನರ್ಮದಕ್ಕ ಸುಮ್ಮನಾಗಲಿಲ್ಲ.

"ಅಣ್ಣ ಹೇಳಿದ್ದೆಂತ ಇಲ್ಲೆ ಶಾಂತಾರಾಮ. ಆನು ನಾಯಿ ಹಿಡ್ಕಂಡೆ, ಕಾಗೆ ಬಂತು. ಅದು ಬಾರದಿದ್ರೂ ಆನು ಇಲ್ಲೇ ಇರ್ತಿದ್ದೆ. ಏಳಿ, ಎಲೆ ಹಾಕ್ತೆ."

ಆ ಮಾತಿಗೆ ಎಂಟು ವರ್ಷಗಳಾಗುತ್ತ ಬಂದವು. ಕಳೆದುಕೊಂಡವರಿಗೆ ಸಮಾಧಾನ ಹೇಳುವುದರಲ್ಲಿ ನಾವು ಉದಾರಿಗಳು. ಆದರೆ ಅವರು ನಾವು ತೋರಿಸಿದ ಜಾಗದಲ್ಲೇ ಕೂತು ಸಮಾಧಾನ ಹೊಂದಬೇಕೆಂಬುದು ನಮ್ಮ ಕರಾರು. ನರ್ಮದಕ್ಕನಂಥ ಮನುಷ್ಯರು ಕರಾರಿಗೆ ರುಜು ಹಾಕುವುದಿಲ್ಲ. ನಾಲ್ಕು ಪಾತಿ ನೆಲ, ಒಂದು ಮೂಕಪ್ರಾಣಿ, ತಮ್ಮದೇ ಆದ ಒಂದು ಜಗಲಿ, ಇಷ್ಟನ್ನು ಹಿಡಿದು ಅವರು ತಮ್ಮ ದುಃಖವನ್ನು ತಾವೇ ಸಾಕಿಕೊಳ್ಳುತ್ತಾರೆ. ಅದಕ್ಕೆ ಊರಿನ ಒಪ್ಪಿಗೆ ಕೇಳುವುದಿಲ್ಲ, ಆಕಾಶದಿಂದ ಒಪ್ಪಿಗೆ ಇಳಿದು ಬಂದರೂ ಅದನ್ನು ಸಾಕ್ಷಿಯಾಗಿ ಕರೆಯುವುದಿಲ್ಲ. ನಾವು ಅವರನ್ನು ಹಟಮಾರಿಗಳೆಂದು ಕರೆದು, ಅವರ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬರುತ್ತೇವೆ.