ಬರಿಹೊಟ್ಟೆಗೆ ಬಿದ್ದ ಗುಳಿಗೆ

ಸಿರುಗುಪ್ಪ ಕಡೆಯ ಕರೂರಿನಲ್ಲಿ ಭತ್ತದ ನಾಟಿ ಬಂತೆಂದರೆ ಹೆಂಗಸರ ಸೊಂಟಕ್ಕೆ ಸುಖವಿಲ್ಲ. ದಿನವಿಡೀ ಕೆಸರಿನಲ್ಲಿ ಬಗ್ಗಿಯೇ ಇರಬೇಕು. ಹೊಟ್ಟೆ ತುಂಬಿದ್ದರೆ ಬಗ್ಗಲಾಗದೆಂದು ಗದ್ದೆಯ ಮೊದಲ ಮಡಿ ನೆಟ್ಟು ಮುಗಿಯುವ ತನಕ ಯಾರೂ ರೊಟ್ಟಿ ಮುಟ್ಟುವುದಿಲ್ಲ. ಎಲೆಯಡಿಕೆ ಚೀಲದಿಂದ ನೋವಿನ ಗುಳಿಗೆ ತೆಗೆದು, ಒಂದು ಗುಟುಕು ಚಹಾದೊಂದಿಗೆ ನುಂಗಿ, ಗದ್ದೆಗಿಳಿಯುವುದೇ ರೂಢಿ.

ಗುಂಪಿನ ಹಿರಿಯಳು ಮಾರೆಮ್ಮ. ಸಸಿ ನೆಡುವುದರಲ್ಲಿ ಆಕೆಯದೇ ಮುಂದಿನ ಕೈ. ಗುಳಿಗೆಯಲ್ಲೂ ಅಷ್ಟೇ: ಉಳಿದವರಿಗೆ ಒಂದು, ಆಕೆಗೆ ಎರಡು.

ಒಂದು ವರ್ಷ ನಾಟಿ ಶುರುವಾದ ಹದಿನೈದು ದಿನಕ್ಕೆ ಆಕೆಗೆ ಎದೆಗುಂಡಿಯ ಕೆಳಗೆ ಉರಿ ಶುರುವಾಯಿತು.

“ಅತ್ತಿ, ಹೊಟ್ಟಿ ಹಿಡ್ಕೊಂಡು ಯಾಕ ಕುಂತಿ?” ಎಂದಳು ಸೊಸೆ ಜೋಗಮ್ಮ.

“ಹೊಟ್ಟಿ ನೋಯ್ತೈತಿ. ಇನ್ನೊಂದು ಗುಳಿಗಿ ಕೊಡು.”

“ಸೊಂಟದ ಗುಳಿಗಿ ಹೊಟ್ಟಿಗ್ಯಾಕ?”

“ನೋವಿನ ಗುಳಿಗಿಗೆ ಯಾವ ನೋವಾದ್ರೇನಲೇ! ಒಳಗ ಹೋಗಿ ಮನಿ ನಂಬರ್ ಕೇಳ್ತೈತೇನು?”

ಹೆಂಗಸರೆಲ್ಲ ನಕ್ಕರು. ಮಾರೆಮ್ಮ ಗುಳಿಗೆ ನುಂಗಿದಳು.

ಮೂರನೆಯ ದಿನ ಸೊಂಟ ನೆಟ್ಟಗೆ ಮಾಡಲು ಹೋದವಳು ಕಣ್ಣುಕತ್ತಲೆ ಬಂದು ಸಸಿಗಳ ಮೇಲೆಯೇ ಕುಸಿದಳು. ಊರಿಗೆ ಲಸಿಕೆ ಹಾಕಲು ಬಂದಿದ್ದ ನರ್ಸ್ ವೀರಭದ್ರಮ್ಮ ಬದುವಿಗೆ ಓಡಿ ಬಂದರು. ನಾಡಿ ಹಿಡಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣದ ಬಿಳುಪು.

“ಮಾರೆಮ್ಮ, ನಾಚಬ್ಯಾಡ. ಬಯಲಕಡಿ ಹ್ಯಾಂಗ ಹೋಗ್ತೈತಿ?”

“ಎರಡು ದಿನದಿಂದ ಡಾಂಬರದಂಗ ಕರ್ರಗ ಹೋಗ್ತೈತ್ರಿ. ತಂಬಾಕದ್ದಿರಬೇಕು.”

“ತಂಬಾಕದ್ದಲ್ಲವ್ವಾ, ಅದು ನಿನ್ನ ರಗತ. ದಿನಾ ಬರಿಹೊಟ್ಟಿಗೆ ಗುಳಿಗಿ ಬಿದ್ದು ಒಳಗ ಹುಣ್ಣಾಗೈತಿ. ಆ ಹುಣ್ಣಿನ ನೋವಿಗೆ ಮತ್ತ ಅದೇ ಗುಳಿಗಿ ನುಂಗೀದಿ. ಲಗೂನ ಗಾಡಿ ಹೂಡ್ರಿ, ಸಿರುಗುಪ್ಪ ದವಾಖಾನಿಗೆ ಹೋಗಬೇಕು.”

“ನಾಟಿ ಮುಗೀಲ್ರಿ ನರ್ಸಮ್ಮಾ, ಇನ್ನ ನಾಕು ಮಡಿ…”

“ಆ ನಾಕು ಮಡಿ ಯಾರಾದ್ರೂ ನೆಡ್ತಾರ. ನೀನು ಹೋದ್ರ ಈ ಜೋಗಮ್ಮಗ ಅತ್ತಿನ್ನ ಎಲ್ಲಿಂದ ತರಾಣ?”

ಹೆಂಗಸರೆಲ್ಲ ಸೇರಿ ಆಕೆಯನ್ನು ಗಾಡಿಗೆ ಹತ್ತಿಸಿದರು.

ಸಿರುಗುಪ್ಪದಿಂದ ಬಳ್ಳಾರಿಗೆ ಕಳಿಸಿದರು. ಮಗ ಎರ್ರೆಪ್ಪ ರಕ್ತ ಕೊಟ್ಟ. ಮಾರೆಮ್ಮ ಉಳಿದಳು. ಆದರೆ ಆ ವರ್ಷ ಮತ್ತೆ ಗದ್ದೆಗಿಳಿಯಲಿಲ್ಲ.

ಮರುವರ್ಷದ ನಾಟಿಯ ಮೊದಲ ದಿನ ಗುಂಪಿನ ಹೊನ್ನೂರಮ್ಮ ರೂಢಿಯಂತೆ ಗುಳಿಗೆ ತೆಗೆದಳು. ಮಾರೆಮ್ಮ ಅವಳ ಕೈ ಹಿಡಿದಳು.

“ಮೊದಲು ಉಣ್ಣು.”

“ಉಂಡ್ರ ಬಗ್ಗಾಕ ಬರಲ್ಲಕ್ಕಾ.”

“ಬರಿಹೊಟ್ಟ್ಯಾಗ ಬಗ್ಗಿದಾಕಿ ನಾನು ಹ್ಯಾಂಗ ಬಿದ್ದೆ ಅಂತ ನೋಡೀದಿಲ್ಲ? ಅರ್ಧ ರೊಟ್ಟಿ ಸಾಕು, ತಿನ್ನು.”

ಮಾರೆಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು. ಅದರಲ್ಲಿ ಎಲೆಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ಅರ್ಧ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಹೆಂಗಸರೆಲ್ಲ ತಮ್ಮ ತಮ್ಮ ಬುತ್ತಿ ಬಿಚ್ಚಿ ಬದುವಿನ ಮೇಲೆ ಸಾಲಾಗಿ ಕುಳಿತು ತಿಂದರು. ಹೊನ್ನೂರಮ್ಮನ ಗುಳಿಗೆ ಅವತ್ತು ಮರಳಿ ಚೀಲ ಸೇರಿತು.

ಅಕ್ಕಂದಿರೇ, ಅಣ್ಣಂದಿರೇ, ನೋವಿನ ಗುಳಿಗೆ ನುಂಗಲೇಬೇಕಾದರೆ ಉಂಡು ನುಂಗಿ, ಮೇಲೆ ಒಂದು ಲೋಟ ತುಂಬ ನೀರು ಕುಡಿಯಿರಿ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಬೇಡ. ಎರಡು ತರಹದ ನೋವಿನ ಗುಳಿಗೆ ಒಟ್ಟಿಗೆ ಬೇಡ. ಹೆಂಡದ ಜೊತೆ ಬೇಡವೇ ಬೇಡ. ಉಂಡು ನುಂಗಿದರೂ ದಿನಾ ನುಂಗುವ ಚಟ ಒಳ್ಳೆಯದಲ್ಲ. ನೋವು ಎರಡು-ಮೂರು ದಿನಕ್ಕೆ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮೊದಲೇ ಹೊಟ್ಟೆಹುಣ್ಣು ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ನುಂಗಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ನಾಟಿ ಮುಗಿಯಲಿ ಎಂದು ಕಾಯಬೇಡಿ. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.

ಇವತ್ತೇ ನಿಮ್ಮ ಎಲೆಯಡಿಕೆ ಚೀಲ ಬಿಚ್ಚಿ ನೋಡಿ. ಗುಳಿಗೆ ಇದ್ದರೆ, ಪಕ್ಕದಲ್ಲಿ ರೊಟ್ಟಿಗೂ ಜಾಗ ಮಾಡಿ.