ತಿಪ್ಪವ್ವನ ಕುಲಾವಿ

ಮಗಳಿಗೆ ತಿಪ್ಪವ್ವ ಅಂತ ಹೆಸರಿಡುತ್ತೇನೆ ಎಂದು ಶೈಲಶ್ರೀ ಹೇಳಿದಾಗ ಮೊದಲು ನಕ್ಕವನು ಅವಳ ಗಂಡ ಚೇತನಕುಮಾರ. ಪಾಪ, ನಗದೆ ಇನ್ನೇನು ಮಾಡಿಯಾನು? ತೆಲುಗು ಸೀಮೆಯ ಶಹರದ ಕೊಂಡಾಪುರದಲ್ಲಿ ಆರನೇ ಮಹಡಿಯ ಫ್ಲ್ಯಾಟು, ಕೆಳಗೆ ಇನ್ನೂ ಸೀಟಿನ ಪ್ಲಾಸ್ಟಿಕ್ಕು ತೆಗೆಯದ ಕಾರು, ಗಂಡ ಹೆಂಡತಿ ಇಬ್ಬರಿಗೂ ಮಾದಾಪುರದ ಗಾಜಿನ ಕಟ್ಟಡಗಳಲ್ಲಿ ನೌಕರಿ. ಇಂಥ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪೆಯ ಹೆಸರೆಂದರೆ ಯಾರಾದರೂ ತಮಾಷೆ ಅಂತಲೇ ತಿಳಿಯಬೇಕು. ಆದರೆ ಹೆಂಡತಿಯ ಮುಖದಲ್ಲಿ ನಗು ಇರಲಿಲ್ಲ.

"ಖರೇನ ಹೇಳಾಕತ್ತೀಯೇನು?" ಎಂದ.

"ಖರೇನ."

"ಇಂಟರ್ನೆಟ್ಟಿನ್ಯಾಗ ಸಾವಿರ ಹೆಸರು ಅದಾವ. ಅದನ್ನೆಲ್ಲಾ ಬಿಟ್ಟು ಕಸದಾಗ ಹುಡುಕಾಕ ಹೋಗೀಯಲ್ಲ."

"ಕಸದಾಗ ಇದ್ದದ್ದನ್ನ ಯಾರೂ ಎತಗೊಂಡು ಹೋಗಂಗಿಲ್ಲರಿ."

 ಆ ಮಾತಿನ ಹಿಂದೆ ಏನಿದೆ ಎಂದು ಚೇತನಕುಮಾರನಿಗೆ ಗೊತ್ತಿತ್ತು.

ಇದು ಶೈಲಶ್ರೀಯ ಮೂರನೆಯ ಹೆರಿಗೆ. ಮೊದಲನೆಯ ಕೂಸು ಹುಟ್ಟುವಾಗಲೇ ಉಸಿರಾಡಲಿಲ್ಲ. ಎರಡನೆಯದಕ್ಕೆ ಗಂಡ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು, ಗಂಡಾದರೆ ಋಷಭ್, ಹೆಣ್ಣಾದರೆ ತನ್ವಿ ಎಂದು ಹೊಟ್ಟೆಯಲ್ಲಿದ್ದಾಗಲೇ ಹೆಸರು ಗೊತ್ತುಮಾಡಿಟ್ಟಿದ್ದರು. ಹೆಣ್ಣಾಯಿತು. ಆಫೀಸಿನ ಗೆಳತಿಯರು ತನ್ವಿ ಎಂದು ಕೊರೆಸಿದ ಬೆಳ್ಳಿಯ ಬಟ್ಟಲು ತಂದುಕೊಟ್ಟರು. ಬಂದವರೆಲ್ಲ ತನ್ವಿ, ತನ್ವಿ ಎಂದು ಕರೆದದ್ದೇ ಕರೆದದ್ದು. ಆ ಕೂಸು ಒಂದು ವಾರವೂ ಇರಲಿಲ್ಲ. ಬಟ್ಟಲು ಮಾತ್ರ ಇನ್ನೂ ಕಪಾಟಿನಲ್ಲಿತ್ತು. ಅದನ್ನು ಹೊರಗಿಡುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ, ಕರಗಿಸುವುದಂತೂ ದೂರದ ಮಾತು.

ಈ ಮೂರನೆಯದು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಷ್ಟು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿದರು. ಶೈಲಶ್ರೀ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ಅಲ್ಲಿ ನೆಲ ಒರೆಸುತ್ತಿದ್ದ ಮುದುಕಿಯನ್ನು ಯಾರೋ "ಪೆಂಟಮ್ಮಾ" ಎಂದು ಕೂಗಿದರು. ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ. ಬೀದರ ಕಡೆಯ ಹಳ್ಳಿಯಲ್ಲಿ ತನ್ನ ಅಜ್ಜಿಯ ಓಣಿಯಲ್ಲಿದ್ದ ತಿಪ್ಪಣ್ಣರು, ಕಲ್ಲವ್ವರು ಒಮ್ಮೆಲೇ ಶೈಲಶ್ರೀಯ ನೆನಪಿಗೆ ಬಂದರು. ಹಿಂದಿನ ಕೂಸುಗಳು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೊಮ್ಮೆ ಮಲಗಿಸಿ, ಎತ್ತಿಕೊಂಡು ಬಂದು, ಇಂಥದೇ ಹೆಸರಿಡುತ್ತಿದ್ದರು. ಸಾವು ಬಾಗಿಲಿಗೆ ಬಂದರೆ, ಇದು ಬರೀ ಕಸ, ನಮಗೂ ಬೇಡ, ನಿನಗೂ ಬೇಡ ಎಂದು ಅದಕ್ಕೆ ಹೇಳಿದಂತೆ. ಕಾಲೇಜಿನಲ್ಲಿದ್ದಾಗ ಶೈಲಶ್ರೀ ಇದನ್ನೇ ಗೆಳತಿಯರಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆವತ್ತು ಬೆಂಚಿನ ಮೇಲೆ ಕೂತು ಗಾಜಿನ ಆ ಕಡೆ ನೋಡುತ್ತ, ಯಾವ ದೇವರಿಗೆ ಎಂದು ಗೊತ್ತಿಲ್ಲದೆ, ಅವಳು ಮನಸ್ಸಿನಲ್ಲೇ ಹೇಳಿಕೊಂಡಳು: ಇದನ್ನು ಬಿಟ್ಟುಬಿಡು, ಇದು ತಿಪ್ಪವ್ವ.

ಕೂಸು ಉಳಿಯಿತು. ಡಾಕ್ಟರು ಒಳ್ಳೆಯವರು, ಔಷಧ ಒಳ್ಳೆಯದು, ಅದೆಲ್ಲ ಅವಳಿಗೆ ತಿಳಿಯದ್ದೇನಲ್ಲ. ಆದರೂ ಕೊಟ್ಟ ಮಾತು ಕೊಟ್ಟ ಮಾತೇ.

ಆಫೀಸಿನ ಗೆಳತಿ ವಾಸಂತಿ ಕೂಸನ್ನು ನೋಡಲು ಬಂದಳು. ಮೈಸೂರಿನವಳು, ಶೈಲಶ್ರೀಯ ಪಕ್ಕದ ಕುರ್ಚಿಯವಳು. ಇಬ್ಬರದೂ ಒಂದೇ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರು ಎಲ್ಲಿ ಮುರಿದು ಬೀಳುತ್ತದೆ ಎಂದು ಹುಡುಕಿ ಹುಡುಕಿ ಹೇಳುವುದು. ಹೆಸರು ಕೇಳಿದ ವಾಸಂತಿ ಕೈಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಅಲ್ಲ ಕಣೆ, ಸ್ಕೂಲಲ್ಲಿ ಮಕ್ಕಳು ಸುಮ್ನೆ ಬಿಡ್ತಾರಾ? ನಾಳೆ ದೊಡ್ಡವಳಾಗಿ ನಿನ್ನನ್ನೇ ಬಯ್ತಾಳೆ."

"ಬೈಲಿ. ಬೈಯಾಕರ ಇರ್ತಾಳಲ್ಲ."

"ನೀನು ಇದನ್ನೆಲ್ಲ ನಂಬ್ತೀಯಾ?"

"ನಂಬಂಗಿಲ್ಲ."

"ಮತ್ತೆ?"

"ನಂಬಂಗಿಲ್ಲ, ವಾಸಂತಿ. ಆದ್ರ ಬಿಡಾಕ ಅಂಜಿಕಿ ಬರ್ತೈತಿ. ಎಲ್ಲಾ ಬರೋಬ್ಬರಿ ನಡ್ದೈತಿ ಅಂತ ನೀ ಯಾವತ್ತರ ಟೆಸ್ಟಿಂಗ್ ಬಿಟ್ಟೀಯೇನು?"

ವಾಸಂತಿ ಕಪ್ಪನ್ನು ಮತ್ತೆ ಎತ್ತಿಕೊಂಡು ಚಹಾ ಮುಗಿಸಿದಳು. ಆದರೆ ಮರುದಿನ ಊಟದ ಹೊತ್ತಿಗೆ ಆಫೀಸಿಗೆಲ್ಲ ಸುದ್ದಿ ಗೊತ್ತಾಗಿತ್ತು. ಬಾಣಂತಿಗೆ ತಲೆ ಕೆಟ್ಟಿದೆಯೆಂದು ಕೆಲವರು ಮರುಗಿದರು. ಕೆಲವರು ಫೋನು ಮಾಡಿ ಚಂದಚಂದದ ಹೆಸರು ಹೇಳಿದರು. ಶೈಲಶ್ರೀ ಎಲ್ಲರಿಗೂ "ಹೂಂ, ನೋಡ್ತೀವಿ" ಎಂದಳು.

ಚೇತನಕುಮಾರ ತನಗೆ ತಿಳಿದ ಹಾಗೆ ದಾರಿ ಹುಡುಕಿದ. "ಕಾಗದದ ಮ್ಯಾಲ ಒಂದು ಹೆಸರಿರ್ಲಿ, ಮನಿಯಾಗ ನೀ ಏನರ ಕರಿ" ಎಂದ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ತೊಟ್ಟಿಲಲ್ಲಿ ಹಾಕಿದ ದಿನ ಕೂಸಿನ ಕಿವಿಗೆ ಮೊದಲು ಬಿದ್ದದ್ದೇ ಹೆಸರು. ಆಮೇಲೆ ಕರೆಯುವುದೆಲ್ಲ ಬರೀ ಕರೆಯುವುದು. ಆ ಕಿವಿಯ ಮಾತನ್ನು ಹೇಳುವ ಹಕ್ಕು ತಾಯಿಗಿಲ್ಲ, ತಂದೆಗೂ ಇಲ್ಲ. ತಂದೆಯ ಅಕ್ಕನೋ ತಂಗಿಯೋ ಹೇಳಬೇಕು. ಈ ಮನೆಯಲ್ಲಿ ಆ ಹಕ್ಕು ಚೇತನಕುಮಾರನ ಅಕ್ಕ ನಲಿನಿಯದು.

ಶೈಲಶ್ರೀ ಗುಲ್ಬರ್ಗದಲ್ಲಿದ್ದ ನಲಿನಿಗೆ ಫೋನು ಮಾಡಿ, ಬೆಂಚಿನ ಮೇಲೆ ಕೂತು ಕೊಟ್ಟ ಮಾತಿನಿಂದ ಹಿಡಿದು ಎಲ್ಲ ಹೇಳಿದಳು. ನಲಿನಿ "ಹಡದಾಕಿ ನೀ. ನೀ ಹೇಳಿದ್ದ ಹೆಸರ ಕಿವಿಯಾಗ ಹೇಳ್ತೀನಿ. ಅವ್ವನ ಮುಂದ ಮಾತ್ರ ಬಾಯಿ ಬಿಡಬ್ಯಾಡ" ಎಂದಳು. ಆ ದಿನ ಶೈಲಶ್ರೀ ಹೊಟ್ಟೆತುಂಬ ಉಂಡಳು.

ಆದರೆ ಗಂಡನ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ. ತಾಯಿಯ ಮುಂದೆ ಚೇತನಕುಮಾರ ಇನ್ನೂ ಅಂಗಿಯ ಗುಂಡಿ ಹಾಕಿಸಿಕೊಳ್ಳುವ ಹುಡುಗನೇ. ಸುಲ್ತಾನ್ ಬಜಾರಿನಲ್ಲಿದ್ದ ಮನೆತನದ ಅರಿವೆಬಟ್ಟೆ ಅಂಗಡಿಗೆ ತಾಯಿಯನ್ನು ನೋಡಲು ಹೋಗಿದ್ದಾಗ ಎಲ್ಲವನ್ನೂ ಒದರಿ ಬಂದ.

ಮರುದಿನ ಅತ್ತೆ ಸಾವಿತ್ರಿಬಾಯಿ ಕೂಸಿಗೆ ಎರೆಯುವ ನೆಪದಲ್ಲಿ ಕೊಂಡಾಪುರಕ್ಕೆ ಬಂದಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕತೊಡಗಿದಳು.

"ಪೂರ್ವಿ ಅಂತ ಇಡೋಣು. ಅಂಗಡಿಗೆ ಬರೋ ಮಾರವಾಡಿ ಹೆಣಮಗಳು ಹೇಳಿದ್ಲು, ಚಂದ ಐತಿ."

"ಅತ್ತಿ, ನಾ ಒಂದು ಹೆಸರು..."

"ಗೊತ್ತೈತಿ." ಸಾವಿತ್ರಿಬಾಯಿ ತಲೆಯೆತ್ತಲಿಲ್ಲ. "ನನ್ನ ಹೆಸರೇನು, ಹೇಳು."

"ಸಾವಿತ್ರಿಬಾಯಿ."

"ಅದು ಮದಿವ್ಯಾಗ ಅಕ್ಕಿಯೊಳಗ ಬರದು ಇಟ್ಟಿದ್ದು. ನಿಮ್ಮ ಮಾವಾರು ಇಟ್ಟಿದ್ದು. ತವರಮನಿಯಾಗ ನಾ ತಿಪ್ಪವ್ವ. ಇದು ನನ್ನ ಮಕ್ಕಳಿಗೂ ಗೊತ್ತಿಲ್ಲ."

ಶೈಲಶ್ರೀ ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದು ನಿಂತಳು.

"ಸಾಲ್ಯಾಗ ನಾ ಬಂದ್ರ ಹುಡುಗೂರು ಮೂಗು ಹಿಡಕೋತಿದ್ವು. ಮಾಸ್ತರ ಹಾಜರಿ ಕರಿಯುವಾಗ ನನ್ನ ಹೆಸರಿಗೆ ಬಂದು ನಗತಿದ್ದ, ಬಾಡ್ಯಾ. ನೀರಿಗೆ ಹೋದ್ರ, ನೀ ಕಡಿಗೆ ತುಂಬಿಕೋ ಅಂತಿದ್ರು. ನಾಕನೇತ್ತಕ್ಕ ಸಾಲಿ ಬಿಟ್ಟೆ. ಮದಿವಿ ಅಂದಾಗ ಗಂಡ ಕುಂಟನೋ ಕುರುಡನೋ ಕೇಳಲಿಲ್ಲ ನಾ. ಹೆಸರು ಬದಲಿ ಮಾಡ್ತಾರೋ ಇಲ್ಲೋ ಅಂತ ಕೇಳಿದೆ. ಆ ಹೆಸರ ನೀ ನನ್ನ ಮಮ್ಮಗಳಿಗೆ ತರ್ತೀ?"

 ಆದರೂ ಶೈಲಶ್ರೀ ಕೇಳಿಯೇಬಿಟ್ಟಳು. "ನಿಮ್ಮಕಿಂತ ಮೊದಲ ಎಷ್ಟು ಹೋಗಿದ್ವು, ಅತ್ತಿ?"

"ಮೂರು."

"ನೀವು ಉಳದ್ರಿ."

ಎಣ್ಣೆಯ ಕೈ ಕೂಸಿನ ಎದೆಯ ಮೇಲೆ ನಿಂತಿತು. ಹೊರಗೆ ಎದುರಿನ ಹೊಸ ಕಟ್ಟಡಕ್ಕೆ ಕಾಂಕ್ರೀಟು ಕಲಸುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಉಳದೆ," ಎಂದಳು ಸಾವಿತ್ರಿಬಾಯಿ. "ನಮ್ಮವ್ವಗ ಅಷ್ಟ ಸಾಕಾಗಿತ್ತು. ನನಗ ಸಾಕಾಗಲಿಲ್ಲ."

ಇಬ್ಬರಲ್ಲಿ ಯಾರ ಮಾತನ್ನು ತಪ್ಪೆನ್ನುವುದು? ಶೈಲಶ್ರೀಗೂ ಅತ್ತೆಯ ಮಾತು ತಪ್ಪೆನಿಸಲಿಲ್ಲ. ಅದೇ ಅವಳ ಸಂಕಟ. ಹಟಮಾರಿ ಅತ್ತೆಯಾಗಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಮೂಗು ಹಿಡಿದ ಹುಡುಗರ ನಡುವೆ ನಿಂತ ಹುಡುಗಿಯೊಂದಿಗೆ ಹೇಗೆ ಜಗಳವಾಡುವುದು? ನಲಿನಿ ಮಾತು ಕೊಟ್ಟಿದ್ದಾಳೆ ಎಂದು ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ತೊಟ್ಟಿಲ ದಿನ ಫ್ಲ್ಯಾಟು ತುಂಬ ಹೆಂಗಸರು. ಮೇಲೆ ಕಾಂಕ್ರೀಟಿನ ಛತ್ತಿಗೆ ಕೊಂಡಿ ಇರಲಿಲ್ಲವಾಗಿ, ಬಾಡಿಗೆಗೆ ತಂದ ಸ್ಟೀಲಿನ ತೊಟ್ಟಿಲಿಗೆ ಹೂವು ಸುತ್ತಿದ್ದರು. ಆ ಮನೆಯಲ್ಲಿ ಇದ್ದದ್ದು ಮಿಕ್ಸಿ ಮಾತ್ರ. ಅದಕ್ಕೇ ಸಾವಿತ್ರಿಬಾಯಿ ತನ್ನ ಮನೆಯಿಂದ ಖಾರ ಅರೆಯುವ ಗುಂಡಕಲ್ಲನ್ನು ಚೀಲದಲ್ಲಿ ಹಾಕಿ ತಂದಿದ್ದಳು. ಕೂಸಿಗಿಂತ ಮೊದಲು ತೊಟ್ಟಿಲಿಗೆ ಹೋಗುವುದು ಕಲ್ಲು. ಕೂಸಿನ ಕುಲಾವಿಯನ್ನೇ ಅದರ ತಲೆಗೆ ಕಟ್ಟಿ, ಕುಂಕುಮ ಹಚ್ಚಿ, ಗುಂಡಪ್ಪ ಎಂದು ಹೆಸರಿಟ್ಟು, ತೊಟ್ಟಿಲ ಕೆಳಗಿನಿಂದ ಒಬ್ಬಳು ಕೊಡಬೇಕು, ಮೇಲಿನಿಂದ ಇನ್ನೊಬ್ಬಳು ತೆಗೆದುಕೊಳ್ಳಬೇಕು. ದೃಷ್ಟಿಯೆಲ್ಲ ಕಲ್ಲಿಗೆ ತಗಲಲಿ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು.

ಹೆಂಗಸೊಬ್ಬಳು "ಗುಂಡಪ್ಪನ ತಗೋರಿ" ಎಂದು ಶುರುಮಾಡಿದಳು. ಸಾವಿತ್ರಿಬಾಯಿ ಅವಳ ಕೈ ಹಿಡಿದಳು.

"ಇವತ್ತ ಗುಂಡಪ್ಪ ಅಲ್ಲ. ಇಕಿ ತಿಪ್ಪವ್ವ. ತಿಪ್ಪವ್ವನ ತಗೋರಿ ಅನ್ರಿ."

ಹೆಂಗಸರು ಬಿದ್ದುಬಿದ್ದು ನಕ್ಕರು. ತಿಪ್ಪವ್ವನ ಕೊಡ್ರಿ, ತಿಪ್ಪವ್ವನ ತಗೋರಿ, ತಿಪ್ಪವ್ವ ಭಾಳ ಭಾರ ಅದಾಳರಿ, ತಿಪ್ಪವ್ವಗ ಯಾರು ಹಾಲು ಕುಡಿಸಿದ್ರಿ ಎಂದು ಕಲ್ಲು ಕೈಯಿಂದ ಕೈಗೆ ಹೋಯಿತು. ವಾಸಂತಿಯೂ ನಗುತ್ತ ಹಿಡಿದಳು. ಶೈಲಶ್ರೀಯ ಮುಖ ಕಂಡು ನಗು ನಿಲ್ಲಿಸಿ ಬೇಗ ದಾಟಿಸಿದಳು. ಕಡೆಗೆ ಕಲ್ಲು ಮಣೆಯ ಮೇಲೆ ಕೂತ ಬಾಣಂತಿಯ ಉಡಿಗೆ ಬಂತು. ಶೈಲಶ್ರೀ ಅದನ್ನು ಎದೆಗೆ ಹಿಡಿದಳು. ತಣ್ಣಗಿತ್ತು. ಕುಂಕುಮದ ಕೆಳಗೆ ಬೆಳ್ಳುಳ್ಳಿ, ಖಾರದ ವಾಸನೆ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆಯ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ.

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ನಲಿನಿ ಬಗ್ಗಿದಳು, ಕೂಸಿನ ಕಿವಿಯ ಹತ್ತಿರ ಬಾಯಿಟ್ಟು "ಕುರ್ರ್" ಎಂದಳು. ಪದ್ಧತಿಯ ಪ್ರಕಾರ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಿದರು. ಆ ಗುದ್ದಿನ ನಡುವೆ ನಲಿನಿಯ ಬಾಯಿಂದ ಬಂದದ್ದು "ಪೂರ್ವಿ."

ಶೈಲಶ್ರೀ ಏಳಲು ಹೋದಳು. ಉಡಿಯಲ್ಲಿ ಕಲ್ಲಿತ್ತು, ಏಳಲಾಗಲಿಲ್ಲ. ಎದ್ದಿದ್ದರೂ ಏನು ಮಾಡಬಹುದಿತ್ತು? ಕಿವಿಯೊಳಗೆ ಹೋದದ್ದನ್ನು ಹೊರಗೆ ತೆಗೆಯುವ ಉಪಾಯ ಅಜ್ಜಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೆಂಗಸರು ಸಕ್ಕರೆ ಹಂಚಿದರು. ಪೂರ್ವಿ, ಪೂರ್ವಿ ಎಂದು ಎಲ್ಲರೂ ಒಂದೇ ಸಲ ಕರೆಯತೊಡಗಿದರು. ತನ್ವಿಯನ್ನು ಕರೆದದ್ದೂ ಹೀಗೆಯೇ, ಇದೇ ಪಡಸಾಲೆಯಲ್ಲಿ.

ಊಟವಾದ ಮೇಲೆ ನಲಿನಿ ತಾನಾಗಿಯೇ ಅಡುಗೆಮನೆಗೆ ಬಂದಳು. "ಸಿಟ್ಟಾಗಬ್ಯಾಡ, ಶೈಲಾ. ಮುಂಜಾನೆ ಅವ್ವ ನನ್ನ ಕಾಲು ಹಿಡದ್ಲು. ಹಡದ ತಾಯಿ ಮಗಳ ಕಾಲು ಹಿಡದ್ರ ನಾ ಏನು ಮಾಡ್ಲಿ?"

"ನಾನೂ ಹಿಡಿಬೇಕಿತ್ತು," ಎಂದಳು ಶೈಲಶ್ರೀ. "ಹೊಳಿಲಿಲ್ಲ ನನಗ."

ಬಂದವರೆಲ್ಲ ಹೋದರು. ಸಾವಿತ್ರಿಬಾಯಿ ಪಡಸಾಲೆಯ ಮೂಲೆಯಲ್ಲಿ ಕೂತು ಗುಂಡಕಲ್ಲಿನ ಕುಲಾವಿಯ ದಾರ ಬಿಚ್ಚಿದಳು. ಒದ್ದೆ ಅರಿವೆಯಿಂದ ಕುಂಕುಮ ಒರೆಸಿದಳು. ಸೊಸೆ ಎದುರಿಗೆ ಬಂದು ಕೂತಾಗ, ಕಲ್ಲನ್ನು ನೋಡುತ್ತಲೇ ಮಾತಾಡಿದಳು.

"ನಿನ್ನ ಹರಕಿ ತೀರ್ತು. ಆ ಹೆಸರು ಇದಕ್ಕ ಇಟ್ಟೀನಿ. ಇದು ಸಾಯಂಗಿಲ್ಲ, ನಾಚಿಕೀನೂ ಇಲ್ಲ ಇದಕ್ಕ."

"ಇದು ಗಾಜಿನ ಪೆಟ್ಟಿಗ್ಯಾಗ ಇರಲಿಲ್ಲರಿ, ಅತ್ತಿ."

ಸಾವಿತ್ರಿಬಾಯಿ ಒರೆಸಿದ ಕಲ್ಲನ್ನೇ ಇನ್ನೊಮ್ಮೆ ಒರೆಸಿದಳು.

"ಕಲ್ಲರ ಇಲ್ಲೇ ಇರ್ಲಿ," ಎಂದಳು ಶೈಲಶ್ರೀ.

"ನಿಮ್ಮನಿಯಾಗ ಮಿಕ್ಸಿ ಐತಿ. ನನಗ ನಾಳಿಗೆ ಖಾರ ಅರಿಬೇಕು." ಚೀಲದ ಬಾಯಿ ಬಿಚ್ಚಿ ಕಲ್ಲನ್ನು ಇಳಿಸಿದಳು. ಚೇತನಕುಮಾರ ಚೀಲ ಎತ್ತಿಕೊಂಡು, ಹೆಂಡತಿಯ ಕಡೆ ನೋಡದೆ, ಲಿಫ್ಟಿನ ಕಡೆ ಹೋದ.

ಕುಲಾವಿ ನೆಲದ ಮೇಲೆ ಉಳಿದಿತ್ತು. ಕಲ್ಲಿನ ಗುಂಡಗಿನ ಆಕಾರ ಅದರಲ್ಲಿ ಇನ್ನೂ ಹಾಗೇ ನಿಂತಿತ್ತು, ಒಳಗಡೆ ಸ್ವಲ್ಪ ಕುಂಕುಮ ಅಂಟಿತ್ತು. ಶೈಲಶ್ರೀ ಅದನ್ನು ಎತ್ತಿಕೊಂಡು, ಝಾಡಿಸದೆ, ತೊಟ್ಟಿಲ ಹತ್ತಿರ ಹೋಗಿ ಕೂಸಿನ ತಲೆಗೆ ಹಾಕಿದಳು. ಗದ್ದದ ಕೆಳಗೆ ದಾರ ಕಟ್ಟಿದಳು. ಒಮ್ಮೆ ಬಿಚ್ಚಿ, ಇನ್ನಷ್ಟು ಗಟ್ಟಿ ಕಟ್ಟಿದಳು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಸಾವಿತ್ರಿಬಾಯಿ ತಿರುಗಿ ನೋಡಿದಳು.

"ಸೆಕಿ ಭಾಳ ಐತಿ. ತಗಿ ಅದನ್ನ, ಕೂಸು ಬೆವರ್ತೈತಿ."

ಶೈಲಶ್ರೀ ತೆಗೆಯಲಿಲ್ಲ. ತೊಟ್ಟಿಲಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಲಿಫ್ಟು ತಿರುಗಿ ಮೇಲೆ ಬಂದ ಸದ್ದಾಯಿತು. ಕೆಳಗಿಂದ ಚೇತನಕುಮಾರ ಕಾರಿನ ಹಾರ್ನು ಒತ್ತಿದ. ಸಾವಿತ್ರಿಬಾಯಿ ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮೆಟ್ಟದೆ, ಆ ಕೆಂಪು ಅಂಟಿದ ಕುಲಾವಿಯನ್ನು ನೋಡುತ್ತ ನಿಂತಳು. ಅದನ್ನು ತೆಗೆ ಎಂದು ಎರಡನೆಯ ಸಲ ಹೇಳಲಿಲ್ಲ.