ಬಾಗಿಲಿಗೆ ಪೀಚ್ ಕೊಂಬೆ

ರಾಕೆಟ್ ಹಾರುವ ದಿನವೆಂದರೆ ಸಿಚುವಾನಿನ ನಮ್ಮ ಕಣಿವೆಗೆ ಹಬ್ಬ. ಮನೆ ಹಿಂದಿನ ಗುಡ್ಡ ದಾಟಿದರೆ ಉಡಾವಣಾ ಕಟ್ಟೆ. ಹಾರಿಸುವ ಮುಂಚೆ ಊರೆಲ್ಲ ಮನೆ ಖಾಲಿ ಮಾಡಿ ಎದುರು ಗುಡ್ಡ ಹತ್ತಬೇಕೆಂದು ಕಟ್ಟಪ್ಪಣೆ. ಮಕ್ಕಳಾದ ನಾವು ಮೆಣಸಿನಪುಡಿ ಉದುರಿಸಿದ ಸುಟ್ಟ ಆಲೂಗೆಡ್ಡೆ ತಿನ್ನುತ್ತ ಬೆಂಕಿ ಏಳುವುದನ್ನೇ ಕಾಯುತ್ತಿದ್ದೆವು. ಅಷ್ಟು ಚೆಂದದ್ದನ್ನು ನಾನು ಬೇರೆ ಕಂಡಿಲ್ಲ. ಅದಕ್ಕೇ ಅದರ ಮೇಲೆ ನನಗೆ ಇಷ್ಟು ಸಿಟ್ಟು.

ಆ ವಸಂತದಲ್ಲಿ ಅಜ್ಜಿಯ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದಿದ್ದವು. ಜ್ವರ ಎದ್ದ ಹುಳಕ್ಕೆ ಹಾಳು ಹಸಿವು, ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಕೆಡುತ್ತದೆ. ಹುಳ ಸಾಕುವ ತಿಂಗಳಲ್ಲಿ ನಮ್ಮವರು ಬಾಗಿಲಿಗೆ ಪೀಚ್ ಕೊಂಬೆ ಸಿಕ್ಕಿಸುತ್ತಾರೆ. ಕೊಂಬೆಯಿರುವ ಬಾಗಿಲನ್ನು ಯಾರೂ ತಟ್ಟುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಹುಳ ಬೆದರುತ್ತವಂತೆ.

"ನಾನೆಲ್ಲಿಗೂ ಬರಲ್ಲ," ಅಂದಳು ಅಜ್ಜಿ.

"ಅತ್ತೆ, ನಿಮಗೆ ಮೊದಲೇ ಉಬ್ಬಸ. ಹೊಗೆ ಬಂದ್ರೆ?" ಅಂದಳು ಅಮ್ಮ.

"ಇಷ್ಟು ವರ್ಷ ಬರದ ಹೊಗೆ ಇವತ್ತು ನನ್ನ ಹುಡುಕ್ಕೊಂಡು ಬರುತ್ತಾ? ನನ್ನ ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ, ಆ ರಾಕೆಟ್ಟಿನ ಅಪ್ಪನಾ?"

ಅಮ್ಮ ನಕ್ಕುಬಿಟ್ಟಳು. ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ಊರು ಖಾಲಿ ಮಾಡಿಸುವ ಕೆಲಸ ಲುವೊ ಮಾವನದು. ಬಾಗಿಲು ಬಾಗಿಲು ಬಡಿದು ಮಂಚದ ಕೆಳಗೂ ಇಣುಕುವ ಆಸಾಮಿ. ನಮ್ಮ ಬಾಗಿಲಿಗೆ ಬಂದವನು ಕೊಂಬೆ ನೋಡಿ ಎತ್ತಿದ ಕೈ ಇಳಿಸಿದ.

"ಅಜ್ಜಮ್ಮ ಎಲ್ಲಿ?" ಅಂತ ದನಿ ತಗ್ಗಿಸಿ ಕೇಳಿದ.

"ಪೇಟೇಲಿ ನಾದಿನಿ ಮನೇಲಿದಾರೆ ಅಣ್ಣ," ಅಂದಳು ಅಮ್ಮ.

ಹುಳ ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ ಬಾಗಿಲಾಚೆಗೂ ಕೇಳುತ್ತಿತ್ತು. ಲುವೊ ಮಾವ ಕಿವಿಗೊಟ್ಟ. "ಚೆನ್ನಾಗಿ ಮೇಯ್ತಿವೆ," ಅಂತ ಮುಂದೆ ನಡೆದ.

ಇಳಿಹೊತ್ತಿಗೆ ರಾಕೆಟ್ ಎದ್ದಿತು. ಕಾಲಡಿಯ ನೆಲ ಅದುರಿತು. ಊರು ಚಪ್ಪಾಳೆ ತಟ್ಟಿತು, ನಾನೂ ಕುಣಿದೆ. ಎಲ್ಲರೂ ಮೇಲೆ ನೋಡುತ್ತಿದ್ದಾಗ ಅಮ್ಮ ಒಬ್ಬಳೇ ಕೆಳಗೆ ನೋಡುತ್ತಿದ್ದಳು. ಯಾವಾಗಲೂ ಆಚೆ ಕಣಿವೆಗೆ ಹೋಗುವ ಹೊಗೆ ಅಂದು ಗಾಳಿ ತಿರುಗಿ ನಮ್ಮೂರಿನತ್ತ ಇಳಿಯುತ್ತಿತ್ತು. ಕೆಂಗಂದು ಬಣ್ಣದ ವಿಷದ ಹೊಗೆ. ಒಂದೊಂದೇ ಸೂರು ಮರೆಯಾಯಿತು. ಕೆಳಗೆ ಓಡಹೊರಟ ಅಮ್ಮನ ರಟ್ಟೆಯನ್ನು ಲುವೊ ಮಾವ ಹಿಡಿದುಕೊಂಡ.

"ಅಣ್ಣಾ, ಬಿಡು, ನಾನು ಕೆಳಗೆ ಹೋಗ್ಬೇಕು!"

"ನಿಂಗೇನು ಹುಚ್ಚಾ? ಅಲ್ಲಿ ಯಾರಿದಾರೆ ಈಗ?"

ಅಮ್ಮ ಹೇಳಿದಳು. ಲುವೊ ಮಾವನ ಮುಖ ಬಿಳಿಚಿಕೊಂಡಿತು. ಆದರೂ ಹೊಗೆ ಚದುರುವವರೆಗೆ ಅವಳ ರಟ್ಟೆ ಬಿಡಲಿಲ್ಲ.

ನಾವು ಇಳಿದು ಬಂದಾಗ ಕೊಂಬೆಯ ಎಲೆಗಳು ಸುಟ್ಟಂತೆ ಮುದುಡಿದ್ದವು. ತಟ್ಟಲು ಹೋದ ಲುವೊ ಮಾವನ ಕೈ ಅದರೆದುರು ಮತ್ತೆ ತಡೆದು ನಿಂತಿತು. ಅಮ್ಮ ಬಾಗಿಲಿಗೆ ಕಿವಿಯಿಟ್ಟಳು. ನಾನೂ ಇಟ್ಟೆ. ಹುಳ ಮೇಯುವ ಸದ್ದಿರಲಿಲ್ಲ.

ಅಮ್ಮ ಕೊಂಬೆ ಕಿತ್ತೆಸೆದು ಬಾಗಿಲು ನೂಕಿದಳು. ಹುಳುಗಳೆಲ್ಲ ತಲೆಯೆತ್ತಿದಂತೆಯೇ ಸತ್ತಿದ್ದವು. ಅಜ್ಜಿ ಹುಳದ ತಟ್ಟೆಗಳ ನಡುವೆ ಕವುಚಿ ಬಿದ್ದಿದ್ದಳು, ಹಿಡಿ ತುಂಬ ಸೊಪ್ಪು. ಉಸಿರಿರಲಿಲ್ಲ.

ಗುಡ್ಡದಾಚೆ ಈಗಲೂ ರಾಕೆಟ್ ಏಳುತ್ತದೆ, ಮಕ್ಕಳು ಈಗಲೂ ಕುಣಿಯುತ್ತಾರೆ. ನಾನು ಹೊಗೆ ಎತ್ತ ಹೊರಟಿತೆಂದು ನೋಡುತ್ತೇನೆ. ಲುವೊ ಮಾವ ಮುದುಕನಾಗಿದ್ದಾನೆ, ಕೆಲಸ ಬಿಟ್ಟಿಲ್ಲ. ಹುಳದ ತಿಂಗಳಲ್ಲಿ ಕೊಂಬೆಯಿರುವ ಬಾಗಿಲುಗಳನ್ನೇ ಮೊದಲು ಬಡಿಯುತ್ತಾನೆ, ಎರಡೂ ಕೈಯಿಂದ.